ಕುದುರೆ ಮೇಲೆ ಬೋಧಕ, ಹೊಲದಲ್ಲಿ ಫ್ರಾನ್ಸೆಸ್

ಪೀಟರ್ ಕಾರ್ಟ್‌ರೈಟ್ ಹೆಸರು ಬಂದಾಗೆಲ್ಲ ಜನ ಒಂದೇ ವಿಷಯ ಹೇಳುತ್ತಾರೆ. 1846ರಲ್ಲಿ ಅಬ್ರಹಾಂ ಲಿಂಕನ್ ಎದುರು ಅಮೆರಿಕದ ಸಂಸತ್ತಿನ ಚುನಾವಣೆಗೆ ನಿಂತು ಸೋತ ಮೆಥಡಿಸ್ಟ್ (ಕ್ರೈಸ್ತರ ಒಂದು ಪ್ರೊಟೆಸ್ಟೆಂಟ್ ಪಂಗಡ) ಬೋಧಕ ಅಂತ. ಅದು ನಿಜ. ಆದರೆ ಆತ ಇಲಿನಾಯ್ ರಾಜ್ಯದ ಒಬ್ಬ ರೈತ, ಒಂಬತ್ತು ಮಕ್ಕಳ ತಂದೆ ಕೂಡ. ನನಗೆ ಆ ಮನೆಯ ಕಥೆಯೇ ಮುಖ್ಯ, ಅದರಲ್ಲೂ ಹೆಂಡತಿ ಫ್ರಾನ್ಸೆಸ್ ಕಥೆ.

ಕಾರ್ಟ್‌ರೈಟ್ ಹುಟ್ಟಿದ್ದು 1785ರಲ್ಲಿ, ವರ್ಜೀನಿಯಾದಲ್ಲಿ. ಬೆಳೆದಿದ್ದು ಕೆಂಟಕಿಯ ಲೋಗನ್ ಕೌಂಟಿಯಲ್ಲಿ. ಕಾನೂನಿಗೆ ಹೆದರಿ ಓಡಿಬಂದ ಕಳ್ಳರು, ಕೊಲೆಗಾರರು ಅಡಗಿಕೊಳ್ಳುತ್ತಿದ್ದ ಜಾಗ ಅದು. ಹುಡುಗನಿಗೆ ಇಸ್ಪೀಟು, ಕುದುರೆ ರೇಸು, ಕುಣಿತ ಅಂದರೆ ಪ್ರಾಣ. ಅಮ್ಮ ಮಾತ್ರ ಗಟ್ಟಿ ಮೆಥಡಿಸ್ಟ್. 1801ರಲ್ಲಿ ಕೆಂಟಕಿಯ ಕಾಡುಗಳಲ್ಲಿ ದೊಡ್ಡ ಕ್ಯಾಂಪ್ ಮೀಟಿಂಗುಗಳು ನಡೆಯುತ್ತಿದ್ದವು. ಜನ ಗಾಡಿ ಕಟ್ಟಿಕೊಂಡು ಬಂದು, ದಿನಗಟ್ಟಲೆ ಅಲ್ಲೇ ಬೀಡುಬಿಟ್ಟು ಧರ್ಮಬೋಧನೆ ಕೇಳುತ್ತಿದ್ದರು. ಅಂಥ ಒಂದು ಕೂಟದಲ್ಲಿ ಹುಡುಗನ ಮನಸ್ಸು ತಿರುಗಿತು. ಇಪ್ಪತ್ತು ತುಂಬುವ ಮೊದಲೇ ಆತ ಕುದುರೆ ಹತ್ತಿ ಊರೂರು ಸುತ್ತುವ ಬೋಧಕನಾಗಿದ್ದ.

ಈ ಸುತ್ತುವ ಕೆಲಸಕ್ಕೆ ಸರ್ಕಿಟ್ ಅನ್ನುತ್ತಿದ್ದರು. ನೂರಾರು ಮೈಲಿಯ ಒಂದು ಸುತ್ತು ಮುಗಿಸಲು ವಾರಗಳೇ ಬೇಕು. ಜೀನಿನ ಚೀಲದಲ್ಲಿ ಬೈಬಲ್ಲು, ಹಾಡಿನ ಪುಸ್ತಕ, ಒಂದೆರಡು ಬಟ್ಟೆ. ಮದುವೆಯಾಗದ ಬೋಧಕನಿಗೆ ವರ್ಷಕ್ಕೆ 80 ಡಾಲರ್, ಅದೂ ಎಷ್ಟೋ ಸಲ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಹೊರಗೆ ಕೆಟ್ಟ ಮಳೆಗಾಳಿ ಇದ್ದರೆ, ಇಂಥ ದಿನ ಕಾಗೆಗಳು ಮತ್ತು ಮೆಥಡಿಸ್ಟ್ ಬೋಧಕರು ಬಿಟ್ಟರೆ ಇನ್ಯಾರೂ ಹೊರಗಿರಲ್ಲ ಅಂತ ಜನ ಹೇಳುತ್ತಿದ್ದರಂತೆ. (ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಗೊತ್ತಲ್ವಾ? 1880ರಲ್ಲಿ ಅವನ್ನು ಶುರು ಮಾಡಿದ್ದೂ ಇದೇ ಅಮೆರಿಕನ್ ಮೆಥಡಿಸ್ಟ್ ಸಭೆಯವರೇ.)

ಆ ಸಂಬಳದಲ್ಲಿ ಸಂಸಾರ ನಡೆಯಲ್ಲ ಅಂತ ಎಷ್ಟೋ ಬೋಧಕರು ಮದುವೆಯಾದ ಕೂಡಲೇ ಸುತ್ತುವುದನ್ನು ಬಿಟ್ಟು ಒಂದು ಕಡೆ ನೆಲೆ ನಿಲ್ಲುತ್ತಿದ್ದರು. ಕಾರ್ಟ್‌ರೈಟ್ ಬಿಡಲಿಲ್ಲ. 1808ರ ಆಗಸ್ಟ್ 18ರಂದು ಫ್ರಾನ್ಸೆಸ್ ಗೇನ್ಸ್ ಎಂಬ ಹುಡುಗಿಯನ್ನು ಮದುವೆಯಾದ. ಅವತ್ತು ಅವಳಿಗೆ ಹತ್ತೊಂಬತ್ತು ತುಂಬಿತ್ತು. 1856ರಲ್ಲಿ ಬಂದ ಆತನ ಆತ್ಮಕಥೆಯಲ್ಲಿ ಆ ಮದುವೆಗೆ ಸಿಕ್ಕಿರುವುದು ಒಂದೇ ವಾಕ್ಯ. ಓದಿದಾಗ ನನಗೆ ತುಂಬಾ ಬೇಜಾರಾಯಿತು. ಗಂಡ ವಾರಗಟ್ಟಲೆ ಮನೆಯಲ್ಲಿಲ್ಲ, ಮೇಲಿಂದ ಮೇಲೆ ಮಕ್ಕಳು, ಜೊತೆಗೆ ದನ, ಜೋಳ, ಸೌದೆ, ನೂಲು, ಕಾಯಿಲೆ, ಇಷ್ಟನ್ನೂ ನಿಭಾಯಿಸಿದವಳು ಅವಳು ಅಲ್ವಾ?

1824ರಲ್ಲಿ ಈ ಸಂಸಾರ ಕೆಂಟಕಿ ಬಿಟ್ಟು ಇಲಿನಾಯ್‌ನ ಸ್ಯಾಂಗಮನ್ ಕೌಂಟಿಗೆ ಹೊರಟಿತು. ಕಾರಣಗಳನ್ನು ಕಾರ್ಟ್‌ರೈಟ್ ತಾನೇ ಬರೆದಿದ್ದಾನೆ. ಕೆಂಟಕಿಯಲ್ಲಿ ಗುಲಾಮಗಿರಿ ಇತ್ತು, ಇಲಿನಾಯ್‌ನಲ್ಲಿ ಅದಕ್ಕೆ ಕಾನೂನಿನ ತಡೆ ಇತ್ತು. ಕೈಯಿಂದ ದುಡಿಯುವುದು ಅವಮಾನ ಅಂತ ಯಾರೂ ತಿಳಿಯದ ಊರಿನಲ್ಲಿ ಮಕ್ಕಳು ಬೆಳೆಯಬೇಕು, ಅವರಿಗೆ ಸ್ವಂತ ಜಮೀನು ಆಗಬೇಕು ಅನ್ನೋದು ಆತನ ಆಸೆ. ಆಗ ಸರ್ಕಾರಿ ಭೂಮಿ ಎಕರೆಗೆ ಒಂದೂಕಾಲು ಡಾಲರ್. ಮುಂದೆ ಆತ ಗುಲಾಮಗಿರಿ ವಿರುದ್ಧ ಉಗ್ರವಾಗಿ ಹೋರಾಡುವವರನ್ನೂ ಬೈದ. ಅದು ನನಗೆ ಒಪ್ಪಿಗೆಯಿಲ್ಲ. ಆದರೂ ಈ ಊರು ಬಿಟ್ಟ ನಿರ್ಧಾರವೇ ಆತನ ಬದುಕಿನ ದೊಡ್ಡ ಕೆಲಸ ಅಂತ ನನಗನಿಸುತ್ತದೆ.

ಅದಕ್ಕೆ ತೆತ್ತ ಬೆಲೆ ಮಾತ್ರ ಭಯಂಕರ. ದಾರಿಯಲ್ಲಿ ಗಾಡಿ ಉರುಳಿತು. ಕತ್ತಲಾಯಿತು. ಡೇರೆ ಹಾಕದೆ ಬಯಲಲ್ಲೇ ಒಂದು ಮರದ ಬುಡದಲ್ಲಿ ಬೆಂಕಿ ಮಾಡಿ ಮಲಗಿದರು. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತಿದ್ದ ಮರ ಒಳಗೆ ಕೊಳೆತಿತ್ತು. ರಾತ್ರಿ ಅದು ಮೂರನೇ ಮಗಳು ಸಿಂಥಿಯಾ ಮೇಲೆ ಬಿತ್ತು. ಮಗು ಅಲ್ಲೇ ಹೋಯಿತು. ಅವಳನ್ನು ದಾರಿಯಲ್ಲೇ ಮಣ್ಣು ಮಾಡಿ, ಉಳಿದ ಮಕ್ಕಳನ್ನು ಕರೆದುಕೊಂಡು ಗಂಡ ಹೆಂಡತಿ ಮುಂದೆ ನಡೆದರು. ಈ ಭಾಗವನ್ನು ನಾನು ಸಲೀಸಾಗಿ ಓದಲಾರೆ.

ಪ್ಲೆಸೆಂಟ್ ಪ್ಲೇನ್ಸ್ ಹತ್ತಿರ ಹೊಲ, ಮನೆ ಆಯಿತು. ಆ ಹುಲ್ಲುಗಾವಲಿನ ಮಣ್ಣು ಫಲವತ್ತು, ಆದರೆ ನೇಗಿಲಿಗೆ ಅಂಟಿಕೊಳ್ಳುವಂಥದ್ದು. ಕಮ್ಮಾರ ಜಾನ್ ಡಿಯರ್‌ನ ಉಕ್ಕಿನ ನೇಗಿಲು ಬಂದಿದ್ದೇ 1837ರಲ್ಲಿ, ಅಲ್ಲಿಯವರೆಗೆ ಎರಕದ ಕಬ್ಬಿಣದ ನೇಗಿಲನ್ನು ನಿಲ್ಲಿಸಿ ನಿಲ್ಲಿಸಿ ಕೆರೆದು ಮುಂದೆ ಹೊಡೆಯಬೇಕಿತ್ತು. 1830-31ರ ಚಳಿಗಾಲದಲ್ಲಿ ಬಿದ್ದ ಹಿಮವನ್ನು ಇಲಿನಾಯ್ ಜನ ತಲೆಮಾರುಗಟ್ಟಲೆ ನೆನೆಸಿಕೊಂಡರು.

ಕಾರ್ಟ್‌ರೈಟ್ ರಾಜಕೀಯಕ್ಕೂ ಇಳಿದ. 1832ರಲ್ಲಿ ರಾಜ್ಯದ ಶಾಸನಸಭೆಗೆ ಆತ ಗೆದ್ದ, ಅದೇ ಚುನಾವಣೆಯಲ್ಲಿ ಯುವಕ ಲಿಂಕನ್ ಸೋತ. 1846ರಲ್ಲಿ ಅದು ತಿರುಗುಮುರುಗಾಯಿತು. ತನಗೆ ದೇವರಲ್ಲಿ ನಂಬಿಕೆಯಿಲ್ಲ ಅಂತ ಹಬ್ಬಿದ ಮಾತಿಗೆ ಲಿಂಕನ್ ಅಚ್ಚು ಹಾಕಿಸಿದ ಉತ್ತರವನ್ನೇ ಹಂಚಬೇಕಾಯಿತು.

ಹದಿಮೂರು ವರ್ಷ ಕಳೆದ ಮೇಲೆ, 1859ರಲ್ಲಿ, ಇದೇ ಮನೆಗೆ ಲಿಂಕನ್ ಬೇಕಾದ. ಮೊಮ್ಮಗ ಪೀಚಿ ಕ್ವಿನ್ ಹ್ಯಾರಿಸನ್ ಜಗಳದಲ್ಲಿ ಗ್ರೀಕ್ ಕ್ರಾಫ್ಟನ್ ಎಂಬ ಯುವಕನಿಗೆ ಚಾಕು ಹಾಕಿದ್ದ, ಅವನು ಸತ್ತಿದ್ದ. ಕ್ರಾಫ್ಟನ್ ಒಂದು ಕಾಲದಲ್ಲಿ ಲಿಂಕನ್ ಕಚೇರಿಯಲ್ಲೇ ಕಾನೂನು ಕಲಿತವನು. ಸಾಲದ್ದಕ್ಕೆ ಹ್ಯಾರಿಸನ್‌ನ ಸೋದರಿಯನ್ನು ಕ್ರಾಫ್ಟನ್ ಮನೆಗೇ ಕೊಟ್ಟಿತ್ತು. ಲಿಂಕನ್ ಹ್ಯಾರಿಸನ್ ಪರ ವಾದಿಸಿದ. ಮುದುಕ ಕಾರ್ಟ್‌ರೈಟ್ ಸಾಕ್ಷಿ ಹೇಳಿದ: ಸಾಯುವ ಹುಡುಗ, ತಪ್ಪು ನನ್ನದೇ, ಅವನನ್ನು ಕ್ಷಮಿಸಿದ್ದೇನೆ ಅಂದ ಅಂತ. ಮೊಮ್ಮಗ ಬಿಡುಗಡೆಯಾದ.

1869ರಲ್ಲಿ, ಪ್ರಿಸೈಡಿಂಗ್ ಎಲ್ಡರ್ ಆಗಿ, ಅಂದರೆ ಒಂದು ಪ್ರದೇಶದ ಸಭೆಗಳ ಮೇಲ್ವಿಚಾರಕನಾಗಿ ಐವತ್ತು ವರ್ಷ ಸೇವೆ ಮಾಡಿದ್ದಕ್ಕೆ ಕಾರ್ಟ್‌ರೈಟ್‌ಗೆ ದೊಡ್ಡ ಗೌರವ ಸಿಕ್ಕಿತು. ಅದರಲ್ಲಿ ಅರ್ಧ ಫ್ರಾನ್ಸೆಸ್‌ದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಆತ 1872ರಲ್ಲಿ ತೀರಿಕೊಂಡ. ಅವಳು ಇನ್ನೂ ಮೂರು ವರ್ಷಕ್ಕೂ ಹೆಚ್ಚು ಬದುಕಿದ್ದಳು.