ಟೆಕ್ಸಸ್‌ನಲ್ಲಿ ಹೈಸ್ಕೂಲು ಮುಗಿಯುವ ಮೊದಲೇ ಕಾಲೇಜಿನ ಸರ್ಟಿಫಿಕೇಟು

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ, ಡಿಪ್ಲೊಮಾ, ಐಟಿಐ, ಇವುಗಳಲ್ಲಿ ಒಂದನ್ನು ಹಿಡಿಯಬೇಕು. ಟೆಕ್ಸಸ್‌ನಲ್ಲಿ ಹೈಸ್ಕೂಲಿನಲ್ಲಿರುವಾಗಲೇ (ಅಲ್ಲಿ ಅದು ಹನ್ನೆರಡನೇ ತರಗತಿಯವರೆಗೆ) ಕಮ್ಯುನಿಟಿ ಕಾಲೇಜಿನ, ಅಂದರೆ ಸ್ಥಳೀಯ ಎರಡು ವರ್ಷದ ಸರ್ಕಾರಿ ಕಾಲೇಜಿನ, ವೆಲ್ಡಿಂಗ್ ಕೋರ್ಸು ಮಾಡಬಹುದು. ಪಾಸಾದರೆ ಅದು ಎರಡೂ ಕಡೆಯ ಲೆಕ್ಕಕ್ಕೆ ಸೇರುತ್ತದೆ. ಇದೇ ಡ್ಯುಯಲ್ ಕ್ರೆಡಿಟ್.

ಇದು ಓದಿನಲ್ಲಿ ಮುಂದಿರುವವರಿಗೆ ಮಾತ್ರ ಅಂದುಕೊಳ್ಳಬೇಡಿ. ಕಾಲೇಜು ಗಣಿತಕ್ಕೆ ಟಿಎಸ್‌ಐ ಪರೀಕ್ಷೆಯಲ್ಲಿ (ಕಾಲೇಜು ಪಾಠಕ್ಕೆ ತಯಾರಿದ್ದಾರೆಯೇ ಎಂದು ನೋಡುವ ಟೆಕ್ಸಸ್‌ನ ಪರೀಕ್ಷೆ) 950 ಬರಬೇಕು, ಇಲ್ಲವೇ ಕಾಲೇಜು ಪ್ರವೇಶದ ಎಸ್‌ಎಟಿಯಂಥ ಪರೀಕ್ಷೆಯ ಅಂಕದಿಂದ ವಿನಾಯಿತಿ ಸಿಗಬೇಕು. ಆದರೆ 15ರಿಂದ 42 ಕ್ರೆಡಿಟ್‌ಗಳ ಲೆವೆಲ್ 1 ಸರ್ಟಿಫಿಕೇಟಿಗೆ, ಅಂದರೆ ಕೈಕೆಲಸದ ಚಿಕ್ಕ ಕೋರ್ಸಿಗೆ, ಟಿಎಸ್‌ಐ ಬೇಡ. ಶಾಲೆಯ ಕೌನ್ಸೆಲರ್ ಇದನ್ನು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ದುಡ್ಡಿನ ತೊಡಕನ್ನು 2023ರ ಎಚ್‌ಬಿ 8 ಕಾಯ್ದೆ ಸಾಕಷ್ಟು ಬಿಡಿಸಿದೆ: ಶಾಲೆಯ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳಿಗೆ, ಈ ಕಾಯ್ದೆಯ ಫಾಸ್ಟ್ ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ಡ್ಯುಯಲ್ ಕ್ರೆಡಿಟ್‌ಗೆ ಖರ್ಚಿಲ್ಲ. ಉಳಿಯುವುದು ಬಸ್ಸು ಮತ್ತು ವೇಳಾಪಟ್ಟಿ. ಹೈಸ್ಕೂಲಿನ ಒಂದು ಪೀರಿಯಡ್ಡಿನಲ್ಲಿ ವೆಲ್ಡಿಂಗ್ ಲ್ಯಾಬ್ ಮುಗಿಯುವುದಿಲ್ಲ. ಶಾಲೆ ಎರಡು ಮೂರು ಪೀರಿಯಡ್ ಒಟ್ಟಿಗೆ ಬಿಟ್ಟುಕೊಡದಿದ್ದರೆ ಸೀಟು ಇದ್ದೂ ಇಲ್ಲದಂತೆ.

ಕೋರ್ಸಿನ ಸಂಖ್ಯೆ ಓದಲು ಕಲಿಯಿರಿ. ಡಬ್ಲ್ಯುಎಲ್‌ಡಿಜಿ 1428 ಅಂದರೆ ಸ್ಟಿಕ್ ವೆಲ್ಡಿಂಗಿನ ಮೊದಲ ಪಾಠ: ಮೊದಲ ಅಂಕಿ 1 ಅಂದರೆ ಮೊದಲ ವರ್ಷದ ಮಟ್ಟ, ಎರಡನೇ ಅಂಕಿ 4 ಅಂದರೆ ನಾಲ್ಕು ಕ್ರೆಡಿಟ್. ಇಎನ್‌ಜಿಎಲ್ 1301, ಅಂದರೆ ಇಂಗ್ಲಿಷ್ ಬರವಣಿಗೆಯ ಮೊದಲ ಕೋರ್ಸಿನ ಕ್ರೆಡಿಟ್ಟನ್ನು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ವೆಲ್ಡಿಂಗಿನದನ್ನು ಎಲ್ಲ ಕಡೆ ಒಪ್ಪುವುದಿಲ್ಲ. ಅನ್ವಯಿಕ ಪದವಿಯಾದ ಬಿಎಎಎಸ್‌ನಲ್ಲಿ ಉಪಯೋಗಕ್ಕೆ ಬರಬಹುದು, ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ವರ್ಷ ಉಳಿಯುತ್ತದೆಂಬ ಆಸೆ ಬೇಡ. ಕೈಕೆಲಸ ಕಲಿಯಲು ಸೇರಿಸುವುದಾದರೆ ಸೇರಿಸಿ, ಅದಕ್ಕಿಂತ ಒಳ್ಳೆಯದಿಲ್ಲ.

ತರಗತಿ ಕಾಲೇಜು ಕ್ಯಾಂಪಸ್ಸಿನಲ್ಲಾದರೆ ಮೆನಿಂಜೈಟಿಸ್ ಲಸಿಕೆ ಹಿಂದಿನ ಐದು ವರ್ಷದೊಳಗಿನದಿರಬೇಕು, ಪಾಠ ಶುರುವಾಗುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. ಹೈಸ್ಕೂಲು ಕಟ್ಟಡದಲ್ಲೇ ನಡೆದರೆ ಬೇಡ. ಕೊನೇ ವಾರದಲ್ಲಿ ಲಸಿಕೆಗೆ ಓಡಿದರೆ ನೋಂದಣಿ ಸಿಕ್ಕಿಹಾಕಿಕೊಳ್ಳುತ್ತದೆ.

ಎಫ್, ಅಂದರೆ ಫೇಲ್, ಬಂದರೆ ಅದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ (ಅಂಕಪಟ್ಟಿಯಲ್ಲಿ) ಉಳಿಯುತ್ತದೆ, ಮುಂದೆ ಅದೇ ಕಾಲೇಜಿನಲ್ಲಿ ಹಣಸಹಾಯ ಕೇಳುವಾಗಲೂ ಅಡ್ಡ ಬರಬಹುದು. ಹಾಜರಿ ವಿಚಾರಿಸಲು ಅಪ್ಪ ಅಮ್ಮ ಪ್ರೊಫೆಸರಿಗೆ ಫೋನ್ ಮಾಡಿ ಪ್ರಯೋಜನವಿಲ್ಲ: ವಿದ್ಯಾರ್ಥಿಗಳ ದಾಖಲೆಯ ಗೌಪ್ಯತೆ ಕಾಯುವ ಫೆರ್ಪಾ ಎಂಬ ಅಮೆರಿಕದ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಯ ಹಕ್ಕು, ವಯಸ್ಸು 16 ಆದರೂ, ವಿದ್ಯಾರ್ಥಿಯದೇ. ದಾಖಲೆಯನ್ನು ಅಪ್ಪ ಅಮ್ಮನಿಗೆ ತೋರಿಸಬಹುದು ಎಂಬ ಒಪ್ಪಿಗೆಪತ್ರವನ್ನು ಮೊದಲ ವಾರವೇ ಮಗ ಅಥವಾ ಮಗಳಿಂದ ಬರೆಸಿಡಿ.

ಪ್ಲೇನೊ, ಫ್ರಿಸ್ಕೊ, ಆಸ್ಟಿನ್ ಕಡೆಯ ನಮ್ಮವರಿಗೆ ಒಂದು ಮಾತು. ಎಚ್-4 ವೀಸಾದ (ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳು ಓದಬಹುದು, ಸಂಬಳಕ್ಕೆ ದುಡಿಯುವಂತಿಲ್ಲ. ಗ್ರೀನ್ ಕಾರ್ಡಿನ ಐ-485 ಅರ್ಜಿ ಹಾಕಿ ಕೆಲಸದ ಪರವಾನಗಿ ಪಡೆದವರ ಮಾತು ಬೇರೆ. ಕೋರ್ಸಿನ ಕೊನೆಯಲ್ಲಿ ಸಂಬಳದ ಇಂಟರ್ನ್‌ಶಿಪ್ ಕಡ್ಡಾಯವೇ, ಅದರ ಬದಲು ಲ್ಯಾಬ್ ಪ್ರಾಜೆಕ್ಟ್ ಮಾಡಬಹುದೇ ಎಂದು ಸೇರುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.