ಯಾವ ಅಂಕಿಯಾದರೂ

18 ಜುಲೈ 2024, ಗುರುವಾರ
ಸಾಗರ

ನಾಲ್ಕು 4ಗಳಿಂದ ಒಂದೊಂದೇ ಸಂಖ್ಯೆ ಮಾಡುವ ಆಟ ಹತ್ತಕ್ಕೆ ಬಂದು ನಿಂತಿತ್ತು. ನಾಲ್ಕೇ ನಾಲ್ಕು 4, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕೂಡು, ಕಳೆ, ಗುಣಿಸು, ಭಾಗಿಸು, ಬೇಕಾದಲ್ಲಿ ಆವರಣ ಹಾಕು. ಸೊನ್ನೆಯಿಂದ ಒಂಬತ್ತರವರೆಗೆ ಅಕ್ಕನ ಮಗಳು ಪಲ್ಲವಿ ಮೊಬೈಲ್ ಟಾರ್ಚಿನ ಬೆಳಕಲ್ಲೇ ಬರೆದುಬಿಟ್ಟಿದ್ದಳು. (4+4+4)÷4 ಅಂದರೆ 3, (4×4+4)÷4 ಅಂದರೆ 5, 4+(4+4)÷4 ಅಂದರೆ 6. ಎಲ್ಲ ಸಲೀಸು. ಹತ್ತು ಮಾತ್ರ ಬರಲೊಲ್ಲದು. ಬರುವುದೂ ಇಲ್ಲ. 4ಗಳನ್ನು ಬಿಡಿಬಿಡಿಯಾಗಿ ಇಟ್ಟುಕೊಂಡು ಈ ನಾಲ್ಕು ಮೂಲಕ್ರಿಯೆಗಳಲ್ಲೇ ಹತ್ತನ್ನು ಮಾಡಲು ಸಾಧ್ಯವೇ ಇಲ್ಲ. ನನಗೆ ಗೊತ್ತಿತ್ತು, ಬೇಕಂತಲೇ ಹೇಳಲಿಲ್ಲ.

"ಚಿಕ್ಕಿ, ಪಕ್ಕಪಕ್ಕ ಬರೀಬಹುದಾ? ನಲವತ್ನಾಲ್ಕು ಅಂತ?"

ಬರಿ ಅಂದೆ. 44ರಲ್ಲಿ 4 ಕಳೆದು 4ರಿಂದ ಭಾಗಿಸಿದಳು. ಹತ್ತು. ಅದರ ಹಿಂದೆಯೇ ಹನ್ನೆರಡು, (44+4)÷4. ಮುಖ ಅರಳಿತು.

ಇಷ್ಟಾಗಿದ್ದರೆ ನಾನು ಈ ಹೊತ್ತಿನಲ್ಲಿ ಬರೆಯುತ್ತ ಕೂರುತ್ತಿರಲಿಲ್ಲ. ಸಂಜೆ ಅಕ್ಕ ಅಡುಗೆಮನೆಯಲ್ಲಿ ಪಲ್ಲವಿಯ ಟೆಸ್ಟ್ ಪೇಪರ್ ತೋರಿಸಿದ್ದಳು. ಕೆಂಪು ಶಾಯಿಯಲ್ಲಿ, "ಬೀಜಗಣಿತದ ಮೂಲ ಕಲ್ಪನೆಯೇ ಇಲ್ಲ." ಒಂಬತ್ತನೇ ಕ್ಲಾಸಿನ ಮಗುವಿನ ಬಗ್ಗೆ ಒಂದೇ ಸಾಲಿನಲ್ಲಿ ಹಾಗೆ ಬರೆದು ಸಹಿ ಹಾಕಿಬಿಡುವುದೇ? ಅಕ್ಕನ ಗಂಟಲು ಕಟ್ಟಿತ್ತು. ಭಾವ ಟ್ಯೂಷನ್ ಹುಡುಕುತ್ತಿದ್ದಾರಂತೆ. ಪಲ್ಲವಿ ಅದನ್ನೆಲ್ಲ ಕೇಳಿಸಿಕೊಂಡೂ ಕೇಳದವಳ ಹಾಗೆ ತಟ್ಟೆ ತೊಳೆದಿಟ್ಟು ಹೊರಗೆ ಹೋದಳು. ನನಗೆ ಒಳಗೇ ಸಂಕಟವಾಯಿತು. ಅದಕ್ಕೇ ಕರೆಂಟು ಹೋದದ್ದೇ ನೆಪ ಮಾಡಿ ಅವಳನ್ನು ಕರೆದು ಕೂರಿಸಿಕೊಂಡೆ.

ಹನ್ನೆರಡು ಬರೆದ ಮೇಲೆ ಪೆನ್ನು ನಿಲ್ಲಿಸಿ ಸುಮ್ಮನೆ ಹಾಳೆ ನೋಡುತ್ತಿದ್ದಳು. ಹೊರಗೆ ಮಳೆ ಹೊಯ್ಯುತ್ತಲೇ ಇತ್ತು. ಆಮೇಲೆ ಹತ್ತರ ಸಾಲಿನ ಕೆಳಗೆ (77−7)÷7 ಅಂತ ಬರೆದಳು. ಅದರ ಕೆಳಗೆ (33−3)÷3.

"ಚಿಕ್ಕಿ, ಇದಕ್ಕೆ ನಾಲ್ಕೇ ಆಗಬೇಕು ಅಂತಿಲ್ಲ. ಯಾವುದನ್ನ ಇಟ್ಟರೂ ಹತ್ತೇ."

"ಯಾವುದನ್ನ ಇಟ್ಟರೂನಾ?"

"ಸೊನ್ನೆ ಬಿಟ್ಟು. ಸೊನ್ನೆಯಿಂದ ಭಾಗಿಸೋಕಾಗಲ್ಲ."

ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಹಾಳಾಗುತ್ತಿತ್ತು. ಅವಳೇ ಹಾಳೆಯ ನಡುವೆ ಗೆರೆ ಎಳೆದು ಎರಡು ಪಟ್ಟಿ ಮಾಡಿದಳು. ಎಡಕ್ಕೆ "ನಾಲ್ಕರವು", ಬಲಕ್ಕೆ "ಯಾವುದಾದರೂ". ಎಂಟು ಎಡಕ್ಕೆ ಹೋಯಿತು, ಏಕೆಂದರೆ 4+4+4−4ರ ಜಾಗದಲ್ಲಿ 7 ಇಟ್ಟರೆ 14 ಆಗುತ್ತದೆ. ಏಳೂ ಎಡಕ್ಕೇ. 4+4−4÷4ರಲ್ಲಿ ಕೊನೆಯ 4÷4 ಯಾವತ್ತೂ ಒಂದೇ, ಆದರೆ ಮೊದಲಿನ ಆ 4+4 ಬದಲಾಗುತ್ತದೆ ಎಂದು ತಾನೇ ಹೇಳಿಕೊಂಡಳು. ಸೊನ್ನೆ, ಒಂದು, ಎರಡು, ಮೂರು, ಹತ್ತು, ಹನ್ನೆರಡು ಬಲಕ್ಕೆ.

ಬೀಜಗಣಿತ ಅಂದರೆ ಇನ್ನೇನು? ಯಾವ ಅಂಕಿಯಾದರೂ ಸರಿ, ಸೊನ್ನೆಯೊಂದನ್ನು ಬಿಟ್ಟು. ಎಕ್ಸ್ ಎಂಬ ಅಕ್ಷರ ಬರೆಯದೆ ಎಕ್ಸ್‌ನ ಇಡೀ ಅರ್ಥವನ್ನು ಈ ಹುಡುಗಿ ಟಾರ್ಚಿನ ಬೆಳಕಲ್ಲಿ ಹಿಡಿದುಬಿಟ್ಟಳು. ಆ ಕೆಂಪು ಶಾಯಿಯವರು ಪಕ್ಕದಲ್ಲಿ ಕೂತು ನೋಡಬೇಕಿತ್ತು.

ಹಳೆಯ ಆಟ ಇದು. ಇಂಗ್ಲೆಂಡಿನಲ್ಲಿ ಥಾಮಸ್ ಡಿಲ್‌ವರ್ತ್ ಎಂಬ ಮೇಷ್ಟ್ರು 18ನೇ ಶತಮಾನದಲ್ಲೇ ಶಾಲೆ ಮಕ್ಕಳಿಗೆ ಕೊಟ್ಟಿದ್ದರು, ನಾಲ್ಕು ಮೂರುಗಳಿಂದ 34 ಮಾಡು ಅಂತ. ನಾಲ್ಕು ನಾಲ್ಕುಗಳ ಲೆಕ್ಕ 1881ರಲ್ಲಿ ಲಂಡನ್ನಿನ 'ನಾಲೆಡ್ಜ್' ಪತ್ರಿಕೆಯಲ್ಲಿ ಅಚ್ಚಾಯಿತು. ಡಿಲ್‌ವರ್ತ್‌ರದನ್ನು ಪಲ್ಲವಿಗೆ ಕೊಟ್ಟೆ. 33+3÷3 ಎಂದು ಬರೆದು, "ಇದು ಮೂರರದ್ದು ಮಾತ್ರ, ನಾಲ್ಕಕ್ಕೆ 45 ಬರುತ್ತೆ" ಅಂದಳು. ಕೇಳದೆಯೇ!

ಆಮೇಲೆ ದಶಮಾಂಶ ಚುಕ್ಕಿಗೆ ಒಪ್ಪಿಗೆ ಕೊಟ್ಟೆ. 4÷.4 ಹತ್ತು, 7÷.7 ಕೂಡ ಹತ್ತು. ಬಲಗಡೆಯ ಪಟ್ಟಿ ಬೆಳೆಯತೊಡಗಿತು. ಆ ಹತ್ತಕ್ಕೆ 4÷4 ಕೂಡಿಸಿದರೆ ಹನ್ನೊಂದು, ಕಳೆದರೆ ಒಂಬತ್ತು. ಹತ್ತು ಹತ್ತು ಕೂಡಿಸಿದರೆ ಇಪ್ಪತ್ತು, ಗುಣಿಸಿದರೆ ನೂರು.

ವರ್ಗಮೂಲದ ವಿಷಯಕ್ಕೆ ಮಾತ್ರ ಜಗಳವೇ ಆಯಿತು. ವರ್ಗಮೂಲ ಹಾಕಬಹುದು, ಎಲ್ಲರೂ ಹಾಕುತ್ತಾರೆ ಅಂದೆ. ಅವಳು ಒಪ್ಪಲಿಲ್ಲ.

"ಘನಮೂಲಕ್ಕೆ ಮೇಲೆ ಪುಟ್ಟ 3 ಬರೀಬೇಕಲ್ಲ? ವರ್ಗಮೂಲಕ್ಕೂ 2 ಇರುತ್ತೆ, ಬರೆಯಲ್ಲ ಅಷ್ಟೇ. ಅಲ್ಲಿಗೆ 2 ಕದ್ದು ತಂದ ಹಾಗಾಯ್ತು."

ಅವಳ ಆಕ್ಷೇಪ ನ್ಯಾಯವಾದದ್ದು. ಬರೆಯದೆ ಇರುವುದು ರೂಢಿ, ಅದಕ್ಕೇ ಆಟದವರು ಒಪ್ಪಿಕೊಂಡಿದ್ದಾರೆ, ಬೇರೆ ಕಾರಣವಿಲ್ಲ. ಆದರೆ ಹೀಗೆ ಒಂದೊಂದನ್ನೇ ಒಳಗೆ ಬಿಟ್ಟುಕೊಳ್ಳುತ್ತ ಹೋದರೆ ಆಟವೇ ಮುಗಿಯುತ್ತದೆ. ಭೌತವಿಜ್ಞಾನಿ ಡಿರಾಕ್ ಬರೀ ಎರಡುಗಳಲ್ಲಿ ಅದನ್ನು ತೋರಿಸಿದ್ದರು. ನಾಲ್ಕರಲ್ಲೇ ಹೇಳುವುದಾದರೆ, 4ಕ್ಕೆ ಒಂದು ವರ್ಗಮೂಲ ಹಾಕಿದರೆ ಅದರ ಘಾತ ಅರ್ಧ, ಅದಕ್ಕೆ ಮತ್ತೊಂದು ಹಾಕಿದರೆ ಕಾಲು, ಇನ್ನೊಂದಕ್ಕೆ ಅರೆಕಾಲು. ಎರಡು ಸಲ ಲಾಗ್ ತೆಗೆದರೆ, ಅಂದರೆ ಆಧಾರಕ್ಕೆ ಯಾವ ಘಾತ ಹಾಕಿದರೆ ಆ ಸಂಖ್ಯೆ ಬರುತ್ತದೆ ಎಂದು ಎರಡು ಸಲ ಕೇಳಿದರೆ, ಎಷ್ಟು ವರ್ಗಮೂಲ ಹಾಕಿದ್ದೀವಿ ಅನ್ನುವುದೇ ಉತ್ತರವಾಗಿ ಈಚೆ ಬರುತ್ತದೆ. ಮೊದಲ ಲಾಗ್‌ಗೆ ಆಧಾರ 4, ಎರಡನೆಯದಕ್ಕೆ √4÷4, ಅಂದರೆ ಅರ್ಧ. ಒಟ್ಟು ನಾಲ್ಕೇ 4. ಐವತ್ತೇಳು ಬೇಕಾದರೆ ಐವತ್ತೇಳು ವರ್ಗಮೂಲ ಹಾಕಿದರಾಯಿತು. ಯಾವ ಸಂಖ್ಯೆಯೂ ಉಳಿಯುವುದಿಲ್ಲ. ಡಿರಾಕರ ಜಾಣತನಕ್ಕೆ ಕೈಮುಗಿಯುತ್ತೇನೆ, ಆದರೆ ಮಕ್ಕಳ ಆಟಕ್ಕೆ ಲಾಗ್ ಬೇಡವೇ ಬೇಡ. ಕೈಗೆ ಸಿಗದ ಸಂಖ್ಯೆ ಇದ್ದರೆ ತಾನೇ ಹುಡುಕುವ ಆಸೆ.

ಅಮ್ಮ ಒಳಗಿಂದ ಮಲಗಿ ಅಂತ ಕೂಗಿದಾಗಲೂ ಪಲ್ಲವಿಗೆ ಏಳುವ ಮನಸ್ಸಿರಲಿಲ್ಲ. ಬಲಗಡೆ ನಾಲ್ಕರಿಂದ ಎಂಟರವರೆಗೆ ಖಾಲಿ ಉಳಿದಿದೆ. "ಅವೂ ಯಾವುದಾದರೂ ಅಂಕಿಯಲ್ಲಿ ಆಗ್ತಾವಾ, ನೋಡಿಡು ಚಿಕ್ಕಿ" ಅಂತ ಹೇಳಿ ಹೋದಳು.

ಅಕ್ಕನಿಗೆ ಬೆಳಿಗ್ಗೆ ಏನು ಹೇಳಲಿ? ಟ್ಯೂಷನ್ ಬೇಡ ಅನ್ನಲು ನನಗೇನು ಅಧಿಕಾರ. ಹಾಳೆಯನ್ನು ಭಾವನ ಮುಂದೆ ಇಡಬಹುದು. ಪರೀಕ್ಷೆಗೆ ಇದು ಬರುತ್ತಾ ಅಂತ ಕೇಳಿಯೇ ಕೇಳುತ್ತಾರೆ. ಬರುವುದಿಲ್ಲ. ಆದರೂ ಇಡುತ್ತೇನೆ. ಆ ಎರಡು ಪಟ್ಟಿಗಳನ್ನು ಓದಿ ಎಂದೇ ಹೇಳುತ್ತೇನೆ.

ಖಾಲಿ ಜಾಗಗಳಿಗೆ ಈಗ ಒಂದು ದಾರಿ ಕಾಣಿಸುತ್ತಿದೆ. 4ನ್ನು .444… ರಿಂದ ಭಾಗಿಸಿದರೆ 9. 7ನ್ನು .777… ರಿಂದ ಭಾಗಿಸಿದರೂ 9. ಒಂಬತ್ತರಲ್ಲಿ 4÷4 ಕಳೆದರೆ ಎಂಟು ಸಿಕ್ಕಿತು. ಒಂಬತ್ತರ ವರ್ಗಮೂಲ 3, ಅದಕ್ಕೆ 4÷4 ಕೂಡಿದರೆ ನಾಲ್ಕು. ಆ ಮೂರರ ಫ್ಯಾಕ್ಟೋರಿಯಲ್, ಅಂದರೆ 3×2×1, ಆಗುವುದು 6, ಅದಕ್ಕೊಂದು ಕೂಡಿದರೆ ಏಳು, ಕಳೆದರೆ ಐದು. ಆರಕ್ಕೆ ಆರೇ ಇದೆ, 4÷4ರಿಂದ ಗುಣಿಸಿದರಾಯಿತು. ಆವರ್ತ ದಶಮಾಂಶ ಅವಳಿಗೆ ಈ ವರ್ಷದ ಪಾಠದಲ್ಲೇ ಇದೆ. ಒಂದೇ 4 ಬರೆದು ಮೇಲೆ ಗೆರೆ ಎಳೆದರೆ ಸಾಕು. ಆದರೆ ವರ್ಗಮೂಲದ 2ನ್ನೇ ಬಿಡದವಳು ಈ ಗೆರೆಯನ್ನು ಬಿಡುತ್ತಾಳೆಯೇ? ಆ ಗೆರೆಯ ಕೆಳಗೆ 4 ಎಷ್ಟು ಸಲ ಇದೆ ಅಂತ ಕೇಳಿದರೆ, ಬರೆದದ್ದನ್ನು ಮಾತ್ರ ಎಣಿಸು ಎನ್ನಬೇಕು.