ದೇವಣಿ ಹೋರಿ ಮೈ ಹಿಡೀತು, ಹಿಂಡಿ ಲೆಕ್ಕ ಕೂಡ್ತು

ಅಂತೂ ಟೇಪ್ ಸರೀತ್ರಿ! ಎದಿ ಸುತ್ತಳತಿ ಭಾಳ ದಿನದಿಂದ ಒಂದೇ ಕಡಿ ನಿಂತಿತ್ತು, ಈ ಸಲ ಮುಂದ ಹೋಗ್ಯದ, ಪಕ್ಕೆಲುಬಿನ ಮ್ಯಾಲ ಕೈ ಆಡಿಸಿದ್ರ ನಡುವಿನ ಗುಳಿ ತುಂಬ್ಲಾಕತ್ತಾವ. ದೇವಣಿ ಹೋರಿ, ಅದ್ರಾಗೂ ವಾನೇರಾ, ಮೈಯೆಲ್ಲಾ ಬೆಳ್ಳಗ ಮುಖ ಅಷ್ಟೇ ಕರ್ರಗ, ನಮ್ಮ ಬೀದರ್ ಸೀಮಿ ತಳಿ, ಇಂಥಾದ್ದು ಬಡಕಲಾಗಿ ನಿಂತ್ರ ನೋಡ್ಲಾಕ ಆಗಂಗಿಲ್ರಿ.

ಗ್ವಾದಲಿ ಖಾಲಿ ಮಾಡ್ತಿತ್ತು, ಹೊಟ್ಟಿ ಡೊಳ್ಳಿನಂಗ, ಬೆನ್ನಿನ ಎಲುಬು ಮಾತ್ರ ಎದ್ದು ಕಾಣ್ತಿತ್ತು. ಸೆಗಣಿ ಕಲ್ಲು, ಒಡದು ನೋಡಿದ್ರ ಕಣಕಿ (ಒಣಗಿದ ಜ್ವಾಳದ ದಂಟು) ನಾರು ಹಂಗೇ ಅದ. ಓಣ್ಯಾಗಿನ ಕಾಕಾಗೋಳೆಲ್ಲಾ "ಜ್ವಾಳದ ಹಿಟ್ಟು ಜಾಸ್ತಿ ಹಾಕೋ ತಮ್ಮಾ" ಅಂದ್ರು, ನಾ ಒಪ್ಪಲಿಲ್ಲ. ಯಾಕಂದ್ರ ಕಣಕ್ಯಾಗ ಪ್ರೋಟೀನ್ ಶೇಕಡಾ 4ರ ಆಸುಪಾಸು, ಒಟ್ಟು ಮೇವಿನಾಗ 7ಕ್ಕಿಂತ ಕಮ್ಮಿ ಆಯ್ತಂದ್ರ ಹೊಟ್ಟ್ಯಾಗಿನ ಸೂಕ್ಷ್ಮಜೀವಿಗೋಳು ನಾರು ಒಡಿಲಾಕ ಸೋಲ್ತಾವ, ಅದ್ರ ಮ್ಯಾಲ ಹಿಟ್ಟು ಸುರಿದ್ರ ಹೊಟ್ಟ್ಯಾಗ ಹುಳಿ ಏರಿ ಸೆಗಣಿ ನೀರಾಗ್ತದ, ಮೇವು ಮುಟ್ಟೋದೇ ಬಿಡ್ತದ.

ಲೆಕ್ಕ ಹಿಂಗ ಹಾಕೀನಿ. 200 ಕೆಜಿ ಹೋರಿಗಿ ದಿನಕ್ಕ ಕಣಕಿ, ದಾಣಿ (ಕಾಳು, ಹಿಂಡಿ ಕೂಡಿಸಿದ್ದು) ಎಲ್ಲಾ ಸೇರಿ 5 ಕೆಜಿ ಒಣ ಮೇವು, ಬೆಳೀಲಾಕ ಸುಮಾರು 550 ಗ್ರಾಂ ಪ್ರೋಟೀನ್. 3 ಕೆಜಿ ಕಣಕಿ 120 ಗ್ರಾಂ ಕೊಡ್ತದ, ಉಳದದ್ದು 2 ಕೆಜಿ ದಾಣಿಯಿಂದ ಬರ್ಬೇಕು, ಅಂದ್ರ ದಾಣ್ಯಾಗ ಪ್ರೋಟೀನ್ ಶೇಕಡಾ 21ರ ಆಸುಪಾಸು ಇರ್ಬೇಕು. ಇಲ್ಲೇ ಚೌಕ, ಅಂದ್ರ ಬೇಕಾದಷ್ಟು ಪ್ರೋಟೀನ್ ಬರ್ಲಾಕ ಎರಡು ತಿನಿಸು ಎಷ್ಟೆಷ್ಟು ಪಾಲು ಅಂತ ತೆಗಿಯೋ ಲೆಕ್ಕ, ಕೂಡವಲ್ದಾಯ್ತು. ಸಿಪ್ಪಿ ಸಮೇತ ಇರೋ ಹತ್ತಿಕಾಳ ಹಿಂಡಿ ಚೊಕ್ಕ ಇದ್ರೂ 22ರ ಹತ್ರ, ಜ್ವಾಳ 9, ಚೌಕದಾಗ ಇಟ್ರ ಒಂದು ಪಾಲು ಜ್ವಾಳಕ್ಕ ಹನ್ನೆರಡು ಪಾಲು ಹಿಂಡಿ! ಕಾಳಿಗಿ ಜಾಗಾನೇ ಇಲ್ಲ, ಮತ್ತ ಹಿಂಡಿ ಚೂರು ಕಲಬೆರಕಿ ಆದ್ರ ಲೆಕ್ಕ ಎಂದೂ ಕೂಡಂಗಿಲ್ಲ.

ಕಲಬೆರಕಿ ಇತ್ತು. ಒಂದು ಮುಟಗಿ ಹಿಂಡಿ ಸ್ಟೀಲ್ ಗ್ಲಾಸಿನ ನೀರಾಗ ರಾತ್ರಿ ನೆನಸಿ, ಮುಂಜಾನಿ ಮೆಲ್ಲಕ ಬಗ್ಗಿಸಿದ್ರ ತಳದಾಗ ಬೂದಿ ಬಣ್ಣದ ಉಸುಕು, ಬೆರಳಿಗಿ ಹತ್ತಿ ಚರಚರ ಅಂತದ. ದನದ ಬಾಯಾಗ ಉಸುಕು ಹಾಕಿ ರೊಕ್ಕ ಎಣಸೋ ಅಂಗಡ್ಯಾವ್ರಿಗಿ ಏನನ್ಬೇಕ್ರಿ, ಕೇಳಿದ್ರ "ಎಲ್ಲಾರೂ ಒಯ್ತಾರ, ನಿಮ್ದೊಂದೇ ಕಿರಿಕಿರಿ" ಅಂತಾನ.

ಶೇಂಗಾ ಹಿಂಡಿಗಿ ಬಂದ್ಮ್ಯಾಲೇ ಗಂಟು ಬಿಚ್ಚಿದ್ದು. ಅದು 42ರ ಸುತ್ತ, ಹಂಗಾಗಿ ಏಳು ಪಾಲು ಜ್ವಾಳದ ನುಚ್ಚು, ನಾಕು ಪಾಲು ಹಿಂಡಿ. ಚೀಲ ತುಟ್ಟಿ ಖರೇ, ಆದ್ರ ಒಂದು ಕೆಜಿ ಪ್ರೋಟೀನಿಗಿ ಎಷ್ಟು ಬೀಳ್ತದ ಅಂತ ಭಾಗಿಸಿ ನೋಡ್ರಿ, ಚೀಲದ ರೇಟ್ ನೋಡ್ಬ್ಯಾಡ್ರಿ. ಬೂಸ್ಟು ಹಿಡದದ್ದು ಮಾತ್ರ ಎಷ್ಟ್ ಸೋವಿ ಕೊಟ್ರೂ ಬ್ಯಾಡ, ಅದ್ರಾಗಿನ ಅಫ್ಲಾಟಾಕ್ಸಿನ್ ಅನ್ನೋ ವಿಷ ಲಿವರ್ ತಿಂದು ಹಾಕ್ತದ. ದಾಣಿ ದಿನಾ ಚೂರು ಚೂರು ಏರಿಸೀನಿ, ಮೊದ್ಲು ಕಣಕಿ ಆಮ್ಯಾಲ ದಾಣಿ, ಎರಡು ಹೊತ್ತಿಗಿ ಪಾಲು ಮಾಡಿ. ಮೊದ್ಲು ಸೆಗಣಿ ಬದಲಾಯ್ತು, ಮೆತ್ತಗ, ನಾರು ಸಣ್ಣ, ಆಮ್ಯಾಲೇ ಟೇಪ್ ಸರದದ್ದು.

ಈಗ ತಲ್ಯಾಗ ಯೂರಿಯಾ ಕಣಕಿ ಕುಂತದ: 100 ಕೆಜಿ ಒಣ ಕಣಕಿಗಿ 4 ಕೆಜಿ ಯೂರಿಯಾ, 50 ಲೀಟರ್ ನೀರಾಗ ಪೂರಾ ಕರಗಿಸಿ ಒಂದೇ ಸಮ ಸಿಂಪಡಿಸಿ, ಗಾಳಿ ಹೋಗದಂಗ ತಾಡಪಾಲ ಮುಚ್ಚಿ 21 ದಿನ. ತೆಗದ್ಮ್ಯಾಲ ಘಾಟು ಹೋಗೋ ತನ ಹರವಿಟ್ಟು ಹಾಕೋದು, ಸಣ್ಣ ಕರುಗೋಳಿಗಿ ಮಾತ್ರ ಇದು ಬ್ಯಾಡ. ಕಣಕಿನೇ ಪ್ರೋಟೀನ್ ಏರಿಸ್ಕೊಂಡ್ರ ಹಿಂಡಿ ಅಂಗಡಿ ಮೆಟ್ಲ ಹತ್ತೋದು ಕಮ್ಮಿ ಆಗ್ತದ. ಅದಕ್ಕ ಕಣಕಿ ಸಣ್ಣ ಕತ್ತರಿಸ್ಬೇಕು, ನಮ್ಮ ಚಾಫ್ ಕಟರ್ ಬ್ಲೇಡ್ ಮೊಂಡಾಗ್ಯದ, ಭಾಲ್ಕಿ ಕಡಿ ಚಲೋ ಬ್ಲೇಡ್ ಎಲ್ಲಿ ಸಿಗ್ತದ ಗೊತ್ತಿದ್ದವ್ರು ಹೇಳ್ರಿ.